ನಾಲ್ಕು ಗರಗಸ ಒಲ್ಲದ ಮದುಮಗ

ಎಪ್ಪತ್ತಾರು ವರ್ಷದ ಗಂಡಸೊಬ್ಬ ಒಂದೇ ತಿಂಗಳಲ್ಲಿ ನಾಲ್ಕು ಗರಗಸಗಳನ್ನು ಬೇಡ ಅಂದರೆ, ಅವನ ಮನಸ್ಸಿನಲ್ಲಿ ಐದನೆಯ ಗರಗಸವೊಂದು ಇದ್ದೇ ಇದೆ ಎಂದು ತಿಳಿಯಬೇಕು. ಇದನ್ನು ನನಗೆ ಯಾರೂ ಕಾಲೇಜಿನಲ್ಲಿ ಹೇಳಿಕೊಟ್ಟದ್ದಲ್ಲ (ಕಾಲೇಜಿನಲ್ಲಿ ನಾನು ಓದುತ್ತಿರುವುದು ಸಮುದ್ರಪಾಚಿಯ ಬಗ್ಗೆ, ಅದಕ್ಕೆ ಗರಗಸ ಬೇಕಾಗಿಲ್ಲ). ರಜೆಗೆಂದು ಹೋಬಾರ್ಟ್ ನಗರದಿಂದ ನಮ್ಮ ಕಣಿವೆಗೆ, ಅಜ್ಜಿಯ ಮನೆಗೆ ಬಂದವಳು ಹಿತ್ತಲ ಮೆಟ್ಟಿಲ ಮೇಲೆ ಕೂತು, ಟೀ ಕುಡಿಯುತ್ತಾ, ಕಣ್ಣು ಕಿರಿದು ಮಾಡಿಕೊಂಡು, ಸ್ವಂತ ಬುದ್ಧಿಯಿಂದ ಕಂಡುಕೊಂಡ ಸತ್ಯ ಇದು.

ಆ ಗಂಡಸಿನ ಹೆಸರು ಕ್ಲಾರಿ ಹಾಸ್ಕಿನ್. ಐವತ್ತು ವರ್ಷ ನಮ್ಮ ನದಿಯ ದಂಡೆಯಲ್ಲಿ ಮರದ ದೋಣಿ ಕಟ್ಟಿ ನಿವೃತ್ತನಾದವನು. ಏಪ್ರಿಲ್ ಮೊದಲನೆಯ ಶನಿವಾರ ಅವನು ನನ್ನ ಅಜ್ಜಿ ಎನಿಡ್‌ಳನ್ನು ಮದುವೆಯಾಗುವವನಿದ್ದ. ಮದುವೆ ಅಜ್ಜಿಯ ಹಿತ್ತಲಲ್ಲೇ, ಹೊಸದಾಗಿ ಕಟ್ಟುವ ಮರದ ಚಪ್ಪರದ ಕೆಳಗೆ. ಅಜ್ಜಿಗೆ ಎಪ್ಪತ್ತನಾಲ್ಕು. ನನ್ನ ತಾತ ವಿನ್ಸ್ ತೀರಿಕೊಂಡು ನಾಲ್ಕು ವರ್ಷ.

ಮದುವೆಗೆ ನನ್ನ ವಿರೋಧ ಇರಲಿಲ್ಲ. ನನಗೆ ಸಂಶಯ ಇದ್ದದ್ದು ಶೆಡ್ಡಿನ ವಿಷಯದಲ್ಲಿ.

ತಾತನ ಶೆಡ್ಡು ಹಿತ್ತಲ ಮೂಲೆಯಲ್ಲಿದೆ. ನಮ್ಮ ಕಡೆ ಒಬ್ಬ ಗಂಡಸು ಸತ್ತರೆ ಊರಿನ ಉಳಿದ ಗಂಡಸರು ಕಪ್ಪು ಟೈ ಕಟ್ಟಿಕೊಂಡು ಬರುತ್ತಾರೆ, ವಿಧವೆಯ ಕೈ ಹಿಡಿದು ಎರಡು ಮಾತಾಡುತ್ತಾರೆ, ಆಮೇಲೆ ಒಬ್ಬೊಬ್ಬರಾಗಿ ಶೆಡ್ಡಿನ ಕಿಟಕಿಗೆ ಮೂಗು ಒತ್ತಿ ಒಳಗೆ ನೋಡುತ್ತಾರೆ. ತಾತನ ಮಣ್ಣಿನ ದಿನ ಆ ಗಾಜಿನ ಮೇಲೆ ಮೂಡಿದ ಮೂಗಿನ ಗುರುತುಗಳನ್ನು ನಾನೇ ಒರೆಸಿದ್ದೆ. ಅಂದೇ ಅಜ್ಜಿ ಬೀಗ ಜಡಿದು ಕೀಲಿಯನ್ನು ನನ್ನ ಕೈಗೆ ಕೊಟ್ಟು, "ನೀನೇ ಇಟ್ಕೋ ಪೆಟ್ರಾ, ನನ್ನ ಹತ್ರ ಇದ್ರೆ ಪಾಪ ಅಂತ ಯಾರಿಗಾದ್ರೂ ತೆಗೆದು ಕೊಟ್ಬಿಡ್ತೀನಿ" ಅಂದಿದ್ದಳು. ಅಂದಿನಿಂದ ಅದು ನನ್ನ ಕೊರಳಿನಲ್ಲಿದೆ. ಕಾಲೇಜಿನ ದೋಣಿ ಹುಟ್ಟು ಹಾಕುವ ತಂಡದಲ್ಲಿ ಎಲ್ಲರೂ ಅದನ್ನು ಪ್ರೇಮದ ಕಾಣಿಕೆ ಎಂದುಕೊಂಡಿದ್ದಾರೆ. ನಾನೂ ತಿದ್ದಲು ಹೋಗಿಲ್ಲ.

ಶೆಡ್ಡಿನೊಳಗೆ ತಾತನ ಕಣ್ಮಣಿಯಾಗಿದ್ದ ಒಂದು ಯಂತ್ರವಿದೆ. ಸಾಮಾನ್ಯವಾಗಿ ಬ್ಯಾಂಡ್ ಗರಗಸ ಅಂದರೆ ಬೀರುವಿನಷ್ಟು ಎತ್ತರ, ನೆಲ ಬಿಟ್ಟು ಕದಲುವುದಿಲ್ಲ, ಮರವೇ ಅದರ ಬಳಿಗೆ ಹೋಗಬೇಕು. ಇದು ಹಾಗಲ್ಲ. ಎರಡೂ ಕೈಯಲ್ಲಿ ಹಿಡಿದು ಎತ್ತಿ ಮರದ ಬಳಿಗೇ ಒಯ್ಯಬಹುದು. ಬಳೆಯ ಹಾಗೆ ಸುತ್ತುವ ಕಿರಿದಾದ ಅಲಗು, ಎಷ್ಟೇ ದಪ್ಪದ ಮರವಾದರೂ ಬೇಕಾದ ಹಾಗೆ ತಿರುಗಿ ಬಳುಕಿ ಕತ್ತರಿಸುತ್ತದೆ. ಇಡೀ ಕಣಿವೆಯಲ್ಲಿ ಅಂಥದ್ದು ಅದೊಂದೇ.

ಈಗ ಚಪ್ಪರದ ವಿಷಯ. ಕೆಡವಿದ ಹಳೆಯ ಸೇಬಿನ ಗೋದಾಮಿನಿಂದ ಅಪ್ಪ ಆರು ತೊಲೆ ತಂದಿದ್ದರು. ಒಂದೊಂದೂ ಹನ್ನೆರಡಡಿ ಉದ್ದ, ಹತ್ತಿಂಚು ಅಗಲ, ನಾಲ್ಕಿಂಚು ದಪ್ಪ, ವಯಸ್ಸಾಗಿ ಕಬ್ಬಿಣವಾದ ಮರ. ಅದನ್ನು ಹಾಗೇ ಕಂಬದ ಮೇಲೆ ಏರಿಸಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಅಜ್ಜಿ ಟೇಬಲ್ಲಿಗೆ ಬೆರಳು ಒತ್ತಿ ಒಂದು ಮಾತು ಹೇಳಿದಳು.

"ತುದಿ ಮೊಂಡಾಗಿದ್ರೆ ನಾನು ಅದರ ಕೆಳಗೆ ನಿಂತ್ಕೊಳ್ಳಲ್ಲ. ಮೊದಲನೇ ಮದುವೆ ಅಗ್ನಿಶಾಮಕದವರ ಕೊಟ್ಟಿಗೇಲಿ ಆಯ್ತು. ಈ ಸಲ ನಂಗೆ ಬಳುಕು ಬೇಕು. ಅಲೆ ಎದ್ದು ಇಳಿಯತ್ತಲ್ಲ, ಹಾಗೆ."

"ಎಲ್ಲಾ ತುದಿಗೂನಾ?" ಅಪ್ಪ ಕೇಳಿದರು. ಅಪ್ಪ, ಅಂದರೆ ರಸ್, ಅಜ್ಜಿಯ ಅಳಿಯ. ಹೈಸ್ಕೂಲಿನಲ್ಲಿ ಭೂಗೋಳ ಪಾಠ ಮಾಡುತ್ತಾರೆ.

"ಹನ್ನೆರಡಕ್ಕೂ."

"ಯಾವುದರಲ್ಲಿ ಕತ್ತರಿಸೋದು ಎನಿಡ್, ಹಲ್ಲಲ್ಲಾ?"

"ನಿನ್ನ ಹಲ್ಲಲ್ಲಿ ಆಗಲ್ಲ ಬಿಡು, ಟೋಸ್ಟೇ ಕಷ್ಟ. ಕ್ಲಾರಿ ನೋಡ್ಕೊಳ್ತಾನೆ."

ಕ್ಲಾರಿ ನೋಡಿಕೊಂಡ. ಬಂದ, ಟೋಪಿ ತೆಗೆದ, ತೊಲೆಯ ತುದಿಯನ್ನು ಹಸುವಿನ ಮುಖ ಸವರುವ ಹಾಗೆ ಸವರಿದ. ಆಮೇಲೆ ಒಂದು ಕ್ಷಣ, ಒಂದೇ ಕ್ಷಣ, ಶೆಡ್ಡಿನ ಕಡೆ ನೋಡಿದ. ನಾನು ಟೀ ಕಪ್ಪು ಕೆಳಗಿಟ್ಟೆ.

ಮೊದಲನೆಯ ಗರಗಸ ಅಪ್ಪನದು, ಜಿಗ್ ಗರಗಸ, ಅಮ್ಮ ಹುಟ್ಟುಹಬ್ಬಕ್ಕೆ ಕೊಟ್ಟದ್ದು. ಬೆರಳಿನಷ್ಟು ಅಲಗು ಹೊಲಿಗೆ ಯಂತ್ರದ ಸೂಜಿಯ ಹಾಗೆ ಮೇಲೆ ಕೆಳಗೆ ಕುಣಿಯುತ್ತದೆ. ಉಳಿದಿದ್ದ ತುಂಡೊಂದರ ಮೇಲೆ ಅಪ್ಪ ನಾಲಿಗೆ ಕಚ್ಚಿಕೊಂಡು ಗೆರೆಯ ಮೇಲೇ ಕತ್ತರಿಸಿದರು. ಮೇಲಿನಿಂದ ನೋಡಿದರೆ ಸೊಗಸಾಗಿತ್ತು. ಕ್ಲಾರಿ ತುಂಡನ್ನು ತಿರುಗಿಸಿ ಕೆಳಭಾಗ ತೋರಿಸಿದ. ದಪ್ಪ ಮರದಲ್ಲಿ ಅಲಗು ಬಾಗಿ, ಕೆಳಗಿನ ಗೆರೆ ಅರ್ಧ ಇಂಚು ಆಚೆ ಹೋಗಿತ್ತು.

"ಮೇಲೆ ಮದುವೆ, ಕೆಳಗೆ ವಿಚ್ಛೇದನ," ಅಂದ ಕ್ಲಾರಿ.

ಎರಡನೆಯದು ಸರಪಳಿ ಗರಗಸ. ಅಪ್ಪ ಅದನ್ನು ಗುರ್ ಅನ್ನಿಸಿದೊಡನೆ ಬೇಲಿಯ ಮೇಲಿದ್ದ ಬಿಳಿ ಕಾಕಟೂ ಗಿಳಿಗಳೆಲ್ಲ ಎದ್ದು ಹೋದವು. ಕ್ಲಾರಿ ಮಾತ್ರ ನಿಂತಲ್ಲೇ ನಿಂತಿದ್ದ.

"ರಸ್, ನಾವು ಚಪ್ಪರ ಕಟ್ತಿದೀವಾ, ಚಳಿಗಾಲಕ್ಕೆ ಸೌದೆ ಸೀಳ್ತಿದೀವಾ?"

"ಹುಷಾರಾಗಿ ಮಾಡಿದ್ರೆ ಬರತ್ತೆ ಕ್ಲಾರಿ."

"ಹುಷಾರಾಗಿ ಮಾಡಿದ್ರೆ ಕೊಡಲಿಯಲ್ಲಿ ಕೂದಲೂ ಕತ್ತರಿಸಬಹುದು. ನಿನ್ನ ತಲೆ ಕೊಡ್ತೀಯಾ?"

ಮೂರನೆಯದು ಚಕ್ರದ ಗರಗಸ. ಅದು ನೇರ ರೇಖೆಯ ಭಕ್ತ, ಎಡ ಬಲ ನೋಡುವುದಿಲ್ಲ. ಅದರಲ್ಲಿ ಬಳುಕು ತೆಗೆಯಬೇಕಾದರೆ ಬ್ರೆಡ್ಡು ಕೊಯ್ದ ಹಾಗೆ ಗೆರೆಯವರೆಗೆ ಒತ್ತೊತ್ತಾಗಿ ಸೀಳು ಹಾಕಿ, ಹಲ್ಲಿನಂತೆ ಉಳಿದ ಚೂರುಗಳನ್ನು ಸುತ್ತಿಗೆಯಿಂದ ಉದುರಿಸಿ, ಆಮೇಲೆ ಉಳಿಯಿಂದ ನಯ ಮಾಡಬೇಕು. "ಆಗತ್ತೆ. ಆದ್ರೆ ಅದು ಕೆಲಸ ಆಗಲ್ಲ, ಪ್ರಾಯಶ್ಚಿತ್ತ ಆಗತ್ತೆ," ಅಂದ ಕ್ಲಾರಿ. ನಾಲ್ಕನೆಯದು ಅವನದೇ, ಕೈಯಿಂದ ಎಳೆಯುವ ಬಿಲ್ಲು ಗರಗಸ, ದೋಣಿ ಕಟ್ಟುತ್ತಿದ್ದ ಕಾಲದ್ದು. ಅದರಲ್ಲಿ ಎರಡಿಂಚು ಎಳೆದು ಭುಜ ಹಿಡಿದುಕೊಂಡು ಕೂತ. "ಮರಕ್ಕೂ ವಯಸ್ಸಾಗಿದೆ, ನಂಗೂ ಆಗಿದೆ. ಇಬ್ಬರಲ್ಲಿ ಒಬ್ಬರಾದ್ರೂ ಮೆತ್ತಗಿರಬೇಕಿತ್ತು."

ಪ್ರತಿಯೊಂದು ನಿರಾಕರಣೆಯ ನಂತರವೂ ಅದೇ ಆಚರಣೆ. ಒಂದು ನಿಟ್ಟುಸಿರು, ಎರಡು ಹೆಜ್ಜೆ, ಶೆಡ್ಡಿನ ಕಡೆ ಒಂದು ನೋಟ. ಮತ್ತೆ ಗಾಳಿಗೆ ಹೇಳುವ ಹಾಗೆ, "ಇಂಥ ಕೆಲಸಕ್ಕೆ ಗರಗಸಾನೇ ಮರದ ಹತ್ರ ಬರಬೇಕಪ್ಪ."

ಕೇಳಿದಿರಲ್ಲ? ಗರಗಸವೇ ಬರಬೇಕಂತೆ. ಯಾವ ಗರಗಸ ಎಂದು ಬಾಯಿ ಬಿಟ್ಟು ಹೇಳುತ್ತಿರಲಿಲ್ಲ. ಕೇಳುತ್ತಿರಲಿಲ್ಲ. ಕೇಳಿದ್ದರೆ ಸಂಶಯ ಅರ್ಧವಾಗುತ್ತಿತ್ತು. ಬೇಕಾದದ್ದನ್ನು ಒಂದು ತಿಂಗಳು ಕೇಳದೆ ಇರುವ ಮನುಷ್ಯ ಎಂಥ ಆಳದವನಿರಬೇಕು ನೀವೇ ಹೇಳಿ.

"ಅಮ್ಮಾ, ಅವರು ಅಜ್ಜೀನ ಮದುವೆ ಆಗ್ತಿರೋದು ತಾತನ ಬ್ಯಾಂಡ್ ಗರಗಸಕ್ಕೋಸ್ಕರ," ಎಂದೆ ನಾನು, ಪಾತ್ರೆ ಒರೆಸುತ್ತಾ.

"ನಿಮ್ಮಪ್ಪ ನನ್ನ ಮದುವೆ ಆಗಿದ್ದು ನಮ್ಮನೆ ಕಾರಿಗೆ ಅಂತ ನಿನ್ನ ತಾತನೂ ಅನ್ನೋರು."

"ಆಮೇಲೆ?"

"ಆಮೇಲೇನು, ಕಾರು ಹಾಳಾಯ್ತು. ನಿಮ್ಮಪ್ಪ ಇನ್ನೂ ಇದ್ದಾರೆ. ಆ ತಟ್ಟೆ ಸರಿಯಾಗಿ ಒರೆಸು."

ಮದುವೆಯ ವಾರ ಬಂತು. ಸೋಮವಾರ ಕ್ಲಾರಿ ಆರೂ ತೊಲೆಗಳನ್ನು ನಾಲ್ಕು ಕಾಲಿನ ಮರದ ಆಸರೆಗಳ ಮೇಲೆ, ಅಗಲದ ಮುಖ ಮೇಲಾಗಿ ಮಲಗಿಸಿದ. ಒಂದೊಂದನ್ನೂ ತುದಿಯಿಂದ ಒಂದು ಕಣ್ಣು ಮುಚ್ಚಿ ಉದ್ದಕ್ಕೂ ನೋಡಿದ, ತಿರುಗಿಸಿದ, ಮತ್ತೆ ನೋಡಿದ. ಅಜ್ಜಿ ಕಾಗದದಲ್ಲಿ ಬರೆದ ಬಳುಕನ್ನು ಪ್ಲೈವುಡ್ಡಿನಲ್ಲಿ ಅಚ್ಚು ಕತ್ತರಿಸಿ ಅಮ್ಮನ ಕೈಗೆ ಕೊಟ್ಟು ಹೇಳಿದ: "ಅಡುಗೆಮನೆ ಕಡೆ ಇರೋ ಅಂಚಲ್ಲಿ ಗೆರೆ ಎಳೀರಿ. ಕತ್ತರಿಸೋದು ಅದೇ. ಬೇಲಿ ಕಡೆ ಅಂಚಿನ ತಂಟೆಗೆ ಹೋಗಬೇಡಿ. ನಾನು ನಾಳೆ ಹೋಬಾರ್ಟಿಗೆ ಹೋಗಿ ಸೂಟು ಹಾಕಿ ನೋಡಿ, ರಾತ್ರಿ ತಂಗಿ ಮನೇಲಿದ್ದು, ಬುಧವಾರ ಮಧ್ಯಾಹ್ನದ ಬಸ್ಸಿಗೆ ಬರ್ತೀನಿ. ಅಲ್ಲೀವರೆಗೆ ತೊಲೆ ಇದ್ದ ಹಾಗೇ ಇರ್ಲಿ. ಯಾರೂ ಅಲುಗಾಡಿಸಬೇಡಿ."

ಯಾರೂ ಅಲುಗಾಡಿಸಬೇಡಿ.

ಒಂದು ಮರದ ತುಂಡನ್ನು ಅಲುಗಾಡಿಸಬೇಡಿ ಎಂದು ಯಾರಾದರೂ ಯಾಕೆ ಹೇಳುತ್ತಾರೆ? ಅದರ ಕೆಳಗೆ ಏನೋ ಇದ್ದರೆ ಹೇಳುತ್ತಾರೆ. ಬಿರುಕು ಇರಬಹುದು. ಹುಳು ತಿಂದ ತೂತು ಇರಬಹುದು. ಕೊನೇ ಗಳಿಗೆಯಲ್ಲಿ ಅದನ್ನು ತೋರಿಸಿ, "ಅಯ್ಯೋ, ಇದಕ್ಕೆ ಆ ಶೆಡ್ಡಿನಲ್ಲಿರೋದೇ ಬೇಕು" ಅನ್ನುವ ಹುನ್ನಾರ ಇರಬಹುದು.

ಮಂಗಳವಾರ ಬೆಳಿಗ್ಗೆ ಅಜ್ಜಿ ಹೂವಿನವಳ ಹತ್ತಿರ ಹೋದಳು, ಅಮ್ಮ ಮನೆಯ ಮುಂದಿನ ಕೋಣೆಯಲ್ಲಿ ಪರದೆಗೆ ಇಸ್ತ್ರಿ ಹಾಕುತ್ತಿದ್ದರು. ನಾನು ತೋಳು ಮಡಿಸಿ ಹಿತ್ತಲಿಗೆ ಇಳಿದೆ. ಮೂರು ವರ್ಷ ಹುಟ್ಟು ಹಾಕಿದ ಭುಜಗಳಿಗೆ ಕೊನೆಗೂ ಒಂದು ಘನ ಉದ್ದೇಶ ಸಿಕ್ಕಿತ್ತು. ಶೆಡ್ಡಿನ ಹೊರಗೋಡೆಗೆ ಒರಗಿಸಿದ್ದ ತಾತನ ಹಾರೆಯನ್ನು ಮೊದಲನೆಯ ತೊಲೆಯ ಅಂಚಿನ ಕೆಳಗೆ ತೂರಿಸಿ ಎತ್ತಿದೆ, ನಿಲ್ಲಿಸಿದೆ, ಮಗುಚಿದೆ. ಧಡ್. ಕೆಳಗಿದ್ದ ಮುಖ ಮೇಲೆ ಬಂತು. ಬಾಗಿ ಬೆರಳಾಡಿಸಿ ಪರೀಕ್ಷಿಸಿದೆ. ಹಳೆಯ ಸೇಬಿನ ಕಂಪನಿಯ ಮುದ್ರೆಯೊಂದು, ಒಂದು ಮುರಿದ ಮೊಳೆ, ಅಂಗೈ ಅಗಲದ ಒಂದು ಜೇಡ. ಜೇಡ ನನ್ನನ್ನು ನೋಡಿತು, ನಾನು ಜೇಡವನ್ನು ನೋಡಿದೆ, ಇಬ್ಬರೂ ಒಬ್ಬರ ಮೇಲೊಬ್ಬರು ಸಂಶಯಪಟ್ಟು ಬೇರೆಯಾದೆವು. ಎರಡನೆಯ ತೊಲೆ, ಮೂರನೆಯದು, ಆರೂ. ಬಿರುಕಿಲ್ಲ, ತೂತಿಲ್ಲ, ಗುಪ್ತ ಸಂದೇಶವಿಲ್ಲ. ಸೀಮೆಸುಣ್ಣದ ಕಡ್ಡಿಯಲ್ಲಿ ಗೀಚಿದ ಬಾಣದ ಗುರುತುಗಳು ಮೊದಲು ಮೇಲಿದ್ದ ಮುಖದ ಮೇಲಿದ್ದವು, ಈಗ ಅವು ಕೆಳಗೆ ಹೋದವು. ಏನೋ ಲೆಕ್ಕ ಬರೆದುಕೊಂಡಿರಬೇಕು ಎಂದುಕೊಂಡೆ.

ಮತ್ತೆ ಮಗುಚಬೇಕಿತ್ತು, ನಿಜ. ಆದರೆ ಭುಜ ಬಿದ್ದುಹೋಗಿತ್ತು, ಜೇಡ ಎಲ್ಲಿ ಹೋಯಿತೆಂದು ಗೊತ್ತಿರಲಿಲ್ಲ, ಮತ್ತು ತೊಲೆ ನೋಡಲು ಎರಡೂ ಕಡೆ ಒಂದೇ ಥರ ಇತ್ತು. ಇಟ್ಟ ಜಾಗದಲ್ಲೇ ಇದೆಯಲ್ಲ, ಸಾಕು.

ಏನೂ ಸಿಗದಿದ್ದದ್ದು ನನ್ನ ಸಂಶಯವನ್ನು ಇಮ್ಮಡಿ ಮಾಡಿತು (ಸಾಕ್ಷ್ಯವೇ ಇಲ್ಲದ ಅಪರಾಧಿಯೇ ಅಲ್ಲವೇ ನಿಜವಾದ ಅಪರಾಧಿ). ಸಂಜೆ ಶಾಲೆಯಿಂದ ಬಂದ ಅಪ್ಪನನ್ನು ಹಿಡಿದೆ.

"ಅಪ್ಪಾ, ಕ್ಲಾರಿ ಬರೋ ಹೊತ್ತಿಗೆ ಹನ್ನೆರಡೂ ತುದಿ ಮುಗಿಸಿಟ್ಟರೆ ಹೇಗಿರತ್ತೆ?"

ಅಪ್ಪನ ಕಣ್ಣಲ್ಲಿ ಒಂದು ಮಿಂಚು ಬಂತು. ಒಂದು ತಿಂಗಳಿಂದ ಅವರ ಮೂರು ಗರಗಸಗಳಿಗೆ ಅವಮಾನವಾಗಿತ್ತು. "ಚಕ್ರದ ಗರಗಸದಲ್ಲಿ ಆಗತ್ತೆ ಅಂತ ಅವನೇ ಹೇಳಿದಾನೆ."

"ಪ್ರಾಯಶ್ಚಿತ್ತ ಅಂತಾನೂ ಹೇಳಿದಾರೆ," ಅಂದರು ಅಮ್ಮ.

"ಮೂರು ಜನ ಸೇರಿ ಮಾಡಿದ್ರೆ ಪ್ರಾಯಶ್ಚಿತ್ತ ಅಲ್ಲಮ್ಮ, ಸಹಕಾರ," ಎಂದೆ.

ಅಪ್ಪ ಬುಧವಾರ ರಜೆ ಹಾಕಿದರು. ಬೆಳಗ್ಗೆ ಆರಕ್ಕೆ ಅಮ್ಮ ಅಚ್ಚನ್ನಿಟ್ಟು ಅಡುಗೆಮನೆಯ ಕಡೆಯ ಅಂಚಿನಲ್ಲಿ ಹನ್ನೆರಡು ಗೆರೆ ಎಳೆದರು, ಕ್ಲಾರಿ ಹೇಳಿದ ಹಾಗೆಯೇ, ಒಂದು ಕೂದಲೆಳೆ ಆಚೀಚೆ ಇಲ್ಲದೆ. ಅಪ್ಪ ಬ್ರೆಡ್ಡು ಕೊಯ್ದರು. ನಾನು ಹಲ್ಲು ಉದುರಿಸಿದೆ. ಅಜ್ಜಿ ಹತ್ತು ಗಂಟೆಗೆ ಟೀ ಜೊತೆ ತಿನ್ನುವ ಸ್ಕೋನ್ ಬನ್ನು ತಂದುಕೊಟ್ಟು, ಕನ್ನಡಕ ಸರಿಮಾಡಿಕೊಂಡು, ಒಂದು ತುದಿಯನ್ನು ಸವರಿ, "ಅಯ್ಯ, ಥೇಟ್ ಅಲೆ ಕಣೋ ರಸ್," ಅಂದಳು. ಇಪ್ಪತ್ತೆರಡು ವರ್ಷದಲ್ಲಿ ಅತ್ತೆಯಿಂದ ಬಂದ ಮೊದಲ ಪ್ರಶಂಸಾಪತ್ರ ಅದು. ಅಪ್ಪ ಕೆಮ್ಮಿ ಆಚೆ ತಿರುಗಿಕೊಂಡರು, ಕಣ್ಣಿಗೆ ಮರದ ಹುಡಿ ಬಿತ್ತಂತೆ.

ಮಧ್ಯಾಹ್ನದ ಬಸ್ಸು ಇಳಿದು ಕ್ಲಾರಿ ಸೂಟಿನ ಚೀಲ ಹೆಗಲಿಗೆ ಹಾಕಿಕೊಂಡು ಹಿತ್ತಲಿಗೆ ಬಂದ. ನಾನು ಎದೆ ಸೆಟೆಸಿ ನಿಂತಿದ್ದೆ. ಐದನೆಯ ಗರಗಸದ ಕನಸು ಮಣ್ಣಾಯಿತಲ್ಲ, ಮುಖ ಹೇಗೆ ಬಾಡುತ್ತದೆ ನೋಡೋಣ ಎಂದು.

ಕ್ಲಾರಿ ಸಾಲಾಗಿ ಹನ್ನೆರಡು ತುದಿ ನೋಡಿದ. "ಚೆನ್ನಾಗಿ ಬಂದಿದೆ," ಅಂದ. ನಿಜವಾಗಿಯೂ ಖುಷಿಯಾದ ಹಾಗೆ ಕಂಡ, ಅದೂ ನನಗೆ ಹಿಡಿಸಲಿಲ್ಲ. ಆಮೇಲೆ ಅಭ್ಯಾಸಬಲದಿಂದ ಒಂದು ತೊಲೆಯ ತುದಿಗೆ ಬಾಗಿ, ಒಂದು ಕಣ್ಣು ಮುಚ್ಚಿ, ಉದ್ದಕ್ಕೂ ನೋಡಿದ. ಬಹಳ ಹೊತ್ತು ನೋಡಿದ. ಎರಡನೆಯದನ್ನು ನೋಡಿದ. ಮೂರನೆಯದರ ಅಡಿಗೆ ಕೈ ಹಾಕಿ ತಡವಿದ. ಕೈ ಹೊರಗೆ ತೆಗೆದಾಗ ಬೆರಳಿಗೆ ಸುಣ್ಣ ಅಂಟಿತ್ತು.

"ಯಾರೋ ಇವನ್ನ ಮಗುಚಿದಾರೆ," ಅಂದ ಮೆಲ್ಲಗೆ.

"ಮಗುಚಿದ್ರೆ ಏನಾಗತ್ತೆ?" ಅಜ್ಜಿ ಕೇಳಿದಳು.

"ಹಳೇ ತೊಲೆಗೆ ಒಂದು ಬೆನ್ನು ಇರತ್ತೆ ಎನಿಡ್, ಒಂದು ಹೊಟ್ಟೆ ಇರತ್ತೆ. ಬಾಗಿರತ್ತೆ, ಕಣ್ಣಿಗೆ ಕಾಣದಷ್ಟು. ಬೆನ್ನು ಯಾವಾಗ್ಲೂ ಮೇಲೆ ಬರಬೇಕು, ಭಾರ ಬಿದ್ದಾಗ ನೆಟ್ಟಗಾಗತ್ತೆ. ಹೊಟ್ಟೆ ಮೇಲಾದ್ರೆ ಎರಡು ಚಳಿಗಾಲಕ್ಕೆ ಜೋಲು ಬೀಳತ್ತೆ. ನಾನು ಬೆನ್ನು ಬೇಲಿ ಕಡೆ ಇಟ್ಟಿದ್ದೆ, ಬಾಣ ಹಾಕಿ. ಈಗ ಬೆನ್ನು ಅಡುಗೆಮನೆ ಕಡೆ ಇದೆ. ಅಂದ್ರೆ ನಿಮ್ಮ ಅಲೆ ಬೆನ್ನಲ್ಲಿದೆ."

"ಅಂದ್ರೆ ಚಪ್ಪರಕ್ಕೆ ಏರಿಸಿದ್ರೆ ಅಲೆ ಎಲ್ಲಿ ಬರತ್ತೆ?"

ಕ್ಲಾರಿ ಬೆರಳಿನಿಂದ ಆಕಾಶ ತೋರಿಸಿದ.

ಅಜ್ಜಿ ಬೇಲಿಯ ಕಡೆ ತಿರುಗಿದಳು. "ನಾನು ಮದುವೆಗೆ ಕರೆದಿರೋದು ಜನರನ್ನ. ಕಾಕಟೂಗಳನ್ನಲ್ಲ."

ಮುಂದಿನ ಹತ್ತು ನಿಮಿಷ ನಮ್ಮ ಸಂಸಾರದ ಇತಿಹಾಸದಲ್ಲಿ ದಾಖಲಾಗತಕ್ಕದ್ದು. ಅಪ್ಪ ಅಮ್ಮನ ಕಡೆ ನೋಡಿದರು. "ನೀನೇನಾದ್ರೂ ಗುಡಿಸುವಾಗ ತಿರುಗಿಸಿದ್ಯಾ?"

"ನಾನು ಗುಡಿಸುವಾಗ ತೊಲೆ ಮಗುಚ್ತೀನಾ? ನೀವೇ ನಿಮ್ಮ ಗರಗಸಕ್ಕೆ ಅನುಕೂಲ ಆಗ್ಲಿ ಅಂತ ಮಾಡಿರ್ತೀರಿ."

"ನಾನು ಶಾಲೇಲಿದ್ದೆ."

"ಶಾಲೇಲಿದ್ದೆ ಅಂತ ಹೋದ ವರ್ಷವೂ ಹೇಳಿದ್ರಿ, ಮೀನು ಹಿಡಿಯೋಕೆ ಹೋಗಿದ್ರಿ."

"ಅದಕ್ಕೂ ಇದಕ್ಕೂ ಏನೇ ಸಂಬಂಧ?"

"ಸಂಬಂಧ ನೀವೇ ಹೇಳ್ಬೇಕು."

ಒಂದು ತಿಂಗಳಿಂದ ನಾನೊಬ್ಬಳೇ ಸಾಕಿಕೊಂಡಿದ್ದ ಸಂಶಯ ಈಗ ಸಾರ್ವಜನಿಕ ಆಸ್ತಿಯಾಗಿ ಹಿತ್ತಲ ತುಂಬ ಓಡಾಡುತ್ತಿತ್ತು. ಎಲ್ಲರೂ ಎಲ್ಲರನ್ನೂ ನೋಡಿದರು. ಯಾರೂ ನನ್ನನ್ನು ನೋಡಲಿಲ್ಲ, ನಾನು ಓದಿದ ಹುಡುಗಿ. ಅದೇ ನನ್ನನ್ನು ಕೊಂದಿತು.

"ನಾನೇ ಮಗುಚಿದ್ದು," ಎಂದೆ.

"ಯಾಕೆ?" ನಾಲ್ಕು ಕಂಠ.

"ಕೆಳಗೆ ಏನಿದೆ ನೋಡೋಣ ಅಂತ."

"ತೊಲೆ ಕೆಳಗೆ ತೊಲೆ ಇರತ್ತೆ ಪೆಟ್ರಾ," ಅಂದಳು ಅಜ್ಜಿ. "ಅದಕ್ಕೇ ಏನು ನಿನ್ನ ಕಾಲೇಜಿಗೆ ಕಳಿಸಿದ್ದು?"

ಕ್ಲಾರಿ ಮಾತ್ರ ಬೈಯಲಿಲ್ಲ. ಕುಕ್ಕರುಗಾಲಲ್ಲಿ ಕೂತು ಒಂದು ತುದಿಯನ್ನೇ ನೋಡುತ್ತಿದ್ದ. ಹೊಸ ತೊಲೆ ತರಲು ದಿನವಿಲ್ಲ, ತುದಿ ಕತ್ತರಿಸಿ ಹಾಕಿದರೆ ತೊಲೆ ಕಂಬಕ್ಕೆ ಎಟುಕುವುದಿಲ್ಲ. ಆಮೇಲೆ ಅವನು ಸುಣ್ಣದ ಕಡ್ಡಿ ತೆಗೆದು, ಮೇಲಿನ ಬಳುಕಿಗೆ ಜೋಡಿಯಾಗಿ, ಹೊಟ್ಟೆಯ ಅಂಚಿನಿಂದ ಇನ್ನೊಂದು ಬಳುಕನ್ನು ಎಳೆದ. ಎರಡೂ ಸೇರಿದ ಕಡೆ ತೊಲೆಯ ತುದಿ ದೋಣಿಯ ಮೂತಿಯಂತೆ ಮುಂದೆ ಚಾಚಿತು. ಅಜ್ಜಿ ಉಸಿರು ಹಿಡಿದು ನೋಡಿದಳು. ಮೊದಲಿನದಕ್ಕಿಂತ ಚೆನ್ನಾಗಿತ್ತು, ಅದೇ ಕಷ್ಟ.

"ಹೀಗೆ ಮಾಡಬಹುದು," ಅಂದ. "ಆದ್ರೆ ಕೆಳಗಿನದು ಇಷ್ಟು ಕಿರಿದಾಗಿ ತಿರುಗತ್ತಲ್ಲ, ಚಕ್ರದ ಗರಗಸ ಒಳಗೆ ಹೋಗಲ್ಲ. ಜಿಗ್ ಬಾಗತ್ತೆ. ಬಿಲ್ಲು ಗರಗಸಕ್ಕೆ ಹತ್ತು ದಿನ ಬೇಕು."

ಅಷ್ಟು ಹೇಳಿ ಸುಣ್ಣದ ಕಡ್ಡಿಯನ್ನು ಜೇಬಿಗಿಟ್ಟ. ಶೆಡ್ಡಿನ ಕಡೆ ನೋಡಲಿಲ್ಲ. ಅಪ್ಪ ನೋಡಿದರು, ಅಮ್ಮ ನೋಡಿದರು, ಅಜ್ಜಿ ನೋಡಿದಳು, ಅವನೊಬ್ಬ ಮಾತ್ರ ತನ್ನ ಬೂಟಿನ ಲೇಸು ನೋಡುತ್ತಿದ್ದ. ಕೇಳಲಿಲ್ಲ. ಈಗಲೂ ಕೇಳಲಿಲ್ಲ.

ನಾಲ್ಕು ವರ್ಷ ಕೊರಳಲ್ಲಿದ್ದ ಕೀಲಿಯನ್ನು ನಾನು ತೆಗೆದೆ. ದಾರ ಕಿವಿಗೆ ಸಿಕ್ಕಿಕೊಂಡಿತು, ಮಹಾತ್ಯಾಗದ ಗಳಿಗೆಯಲ್ಲೂ ಸ್ವಲ್ಪ ಘನತೆ ಸಿಗಲಿಲ್ಲ. "ತಗೊಳ್ಳಿ," ಎಂದೆ.

"ನೀನೇ ತೆಗಿ ಮರಿ. ನಿನ್ನ ತಾತನ ಜಾಗ."

ತೆಗೆದೆ. ಒಳಗೆ ಎಣ್ಣೆ, ಮರದ ಹುಡಿ, ಇಲಿಯ ವಾಸನೆ. ಗೋಡೆಯ ತುಂಬ ಉಪಕರಣಗಳು ಸಾಲುಸಾಲು. ಮಧ್ಯದಲ್ಲಿ ಹಳೆಯ ಹಾಸಿಗೆ ಹೊದಿಕೆಯ ಕೆಳಗೆ ಅದು. ಹೊದಿಕೆ ಎಳೆದೆ, ಧೂಳು ಎದ್ದಿತು, ಎಲ್ಲರೂ ಕೆಮ್ಮಿದೆವು. ಅಪ್ಪ ಒಂದು ಹಿಡಿ ಹಿಡಿದರು, ನಾನು ಇನ್ನೊಂದು. ಎತ್ತಿ ಬಾಗಿಲ ಬೆಳಕಿಗೆ ತಂದಾಗ, ಹಿಡಿಯ ಪಕ್ಕದ ಮರದ ಪಟ್ಟಿಯಲ್ಲಿ ಕಾಯಿಸಿದ ಕಬ್ಬಿಣದಿಂದ ಸುಟ್ಟು ಬರೆದ ಅಕ್ಷರ ಕಂಡಿತು. ತಾತನ ಹೆಸರು ಇರಬೇಕೆಂದು ಹೆಬ್ಬೆರಳಿನಿಂದ ಒರೆಸಿದೆ.

ಹಾಸ್ಕಿನ್.

ಇನ್ನೊಮ್ಮೆ ಒರೆಸಿದೆ. ಹಾಸ್ಕಿನ್ ಅಂತಲೇ ಇತ್ತು.

"ಇದು ನಿಮ್ಮದಾ?" ಎಂದೆ.

ಕ್ಲಾರಿ ಕಿವಿ ಕೆರೆದುಕೊಂಡ. "ವಿನ್ಸ್ ಒಂದು ವಾರಕ್ಕೆ ಅಂತ ತಗೊಂಡಿದ್ದ. ನಿನ್ನ ಐದನೇ ಹುಟ್ಟುಹಬ್ಬಕ್ಕೆ ಆಟದ ಮನೆ ಕಟ್ಟಬೇಕು ಅಂತ."

ಹದಿನಾಲ್ಕು ವರ್ಷ. ಆ ಆಟದ ಮನೆ ಮೊದಲ ಗಾಳಿಗೇ ಬಿದ್ದುಹೋಗಿ ಹದಿಮೂರು ವರ್ಷ ಹನ್ನೊಂದು ತಿಂಗಳು.

"ಮತ್ತೆ ಕೇಳಬಾರದಿತ್ತಾ ಕ್ಲಾರಿ?" ಅಮ್ಮ ಹಣೆ ಒತ್ತಿಕೊಂಡರು.

ಕ್ಲಾರಿ ಅಮ್ಮನನ್ನು ವಿಚಿತ್ರವಾಗಿ ನೋಡಿದ. ಅಪ್ಪನೂ ನೋಡಿದರು. ನಮ್ಮ ಕಣಿವೆಯಲ್ಲಿ ಪಕ್ಕದವನು ಉಪಕರಣ ಕೇಳಿದರೆ ಕೊಡಬೇಕು, ಕೊಟ್ಟದ್ದನ್ನು ಬಾಯಿ ಬಿಟ್ಟು ವಾಪಸು ಕೇಳಬಾರದು. ಕೇಳಿದರೆ ಅವನನ್ನು ಕಳ್ಳ ಅಂದ ಹಾಗೆ. ಹೆಚ್ಚೆಂದರೆ ಅವನ ಮುಂದೆ ನಿಂತು ಆ ಉಪಕರಣ ಬೇಕಾಗುವ ಕೆಲಸದ ಬಗ್ಗೆ ನಿಟ್ಟುಸಿರು ಬಿಡಬಹುದು. ಹದಿನಾಲ್ಕು ವರ್ಷವೂ ಕ್ಲಾರಿ ಬಿಟ್ಟಿದ್ದು ಅದನ್ನೇ. "ಬದುಕಿದ್ದಾಗಲೇ ಕೇಳಲಿಲ್ಲ," ಅಂದ. "ಸತ್ತ ಮೇಲೆ ಕೇಳೋದು ಹೇಗೆ? ವಿಧವೆ ಮನೆ ಬಾಗಿಲಿಗೆ ಹೋಗಿ?"

"ಈಗ ವಿಧವೇನೇ ಮದುವೆ ಆಗ್ತಿದೀರಲ್ಲ," ಎಂದೆ. ಸೋತವಳ ಕೊನೆಯ ಬಾಣ. "ನಿಜ ಹೇಳಿ, ಈ ಗರಗಸಕ್ಕೇನಾ?"

"ಗರಗಸಕ್ಕೆ ಆಗಿದ್ರೆ ಅವತ್ತೇ ನಿನ್ನ ತಾತನ್ನ ಮದುವೆ ಆಗ್ಬೇಕಿತ್ತು."

ಅಜ್ಜಿ ಬಾಗಿಲಿಗೆ ಒರಗಿ ನಗುತ್ತಿದ್ದಳು, ಕನ್ನಡಕ ತೆಗೆದು ಕಣ್ಣೊರೆಸಿಕೊಂಡು ಮತ್ತೆ ನಗುತ್ತಿದ್ದಳು. "ನಂಗೆ ಗೊತ್ತಿತ್ತು ಕಣೋ ಅದು ನಿಂದು ಅಂತ. ಈ ಬಾರಿಯಾದ್ರೂ ಬಾಯಿ ಬಿಡ್ತೀಯಾ ಅಂತ ನೋಡ್ತಿದ್ದೆ. ಬಳುಕು ಬೇಕು ಅಂತ ಹಠ ಹಿಡಿದಿದ್ದು ಮತ್ಯಾಕೆ?"

ಕ್ಲಾರಿ ಅವಳನ್ನು ನೋಡಿದ. ಮೂವತ್ತು ದಿನ, ನಾಲ್ಕು ಗರಗಸ, ಒಂದು ಭುಜ. "ಮೊಂಡು ತುದಿಗೂ ಒಪ್ಕೊಳ್ತಿದ್ಯಾ?"

"ತುದಿ ಯಾರು ನೋಡ್ತಾರೆ," ಅಂದಳು ಅಜ್ಜಿ.

ಗುರುವಾರ, ಶುಕ್ರವಾರ ಕ್ಲಾರಿ ಆ ಗರಗಸವನ್ನು ಹಿಡಿದು ಕತ್ತರಿಸಿದ. ಬೆಣ್ಣೆಯಲ್ಲಿ ದಾರ ಎಳೆದ ಹಾಗೆ ಹೋಯಿತು. ಕತ್ತರಿಸಿದ್ದನ್ನು ಮರಳು ಕಾಗದದಿಂದ ತಿಕ್ಕುವ ಕೆಲಸ, ಹನ್ನೆರಡು ತುದಿ, ತುದಿಗೆರಡು ಬಳುಕು, ಸರ್ವಾನುಮತದಿಂದ ನನ್ನ ಪಾಲಿಗೆ ಬಂತು. ಶನಿವಾರ ಬೆಳಗ್ಗೆ ಮದುಮಗಳ ಸಖಿಯ ರೇಷ್ಮೆ ಉಡುಪು ತೊಟ್ಟು ಅಜ್ಜಿಯ ಪಕ್ಕ ನಿಂತಾಗ ನನ್ನ ಕೂದಲೆಲ್ಲ ಮರದ ಹುಡಿ ತುಂಬಿ ಬಡಗಿಯ ಕೊಟ್ಟಿಗೆಯಾಗಿತ್ತು. ಚಪ್ಪರ ಮಾತ್ರ ಆರು ದೋಣಿಗಳು ಒಟ್ಟಿಗೆ ಹೊರಟ ಹಾಗಿತ್ತು. ಬಂದವರೆಲ್ಲ ಕತ್ತೆತ್ತಿ ನೋಡಿ ಬಾಯಿ ಚಪ್ಪರಿಸಿದರು.

ಆಮೇಲೆ ಅವರಲ್ಲಿ ಯಾರೋ ಶೆಡ್ಡಿನ ಬಾಗಿಲು ತೆರೆದಿರುವುದನ್ನು ಕಂಡರು.

ಪಾವ್ಲೋವಾ ಕೇಕು ಕೊಯ್ಯುವ ಹೊತ್ತಿಗೆ ಸಾಲು ಶುರುವಾಗಿತ್ತು. ಯಾರೂ ಏನನ್ನೂ ಕೇಳಲಿಲ್ಲ, ಆ ಮರ್ಯಾದೆ ಬ್ರಹ್ಮಾಂಡ ಮುಳುಗಿದರೂ ಬಿಡರು. ಸುಮ್ಮನೆ ಒಳಗೆ ಹೋಗುತ್ತಿದ್ದರು, ಗೋಡೆಯ ಮುಂದೆ ನಿಲ್ಲುತ್ತಿದ್ದರು, "ಈ ಸಲ ನಮ್ಮ ದ್ರಾಕ್ಷಿ ಬಳ್ಳಿ ಕತ್ತರಿಸೋದೇ ಕಷ್ಟವಾಯ್ತು" ಎಂದು ನಿಟ್ಟುಸಿರು ಬಿಡುತ್ತಿದ್ದರು. ಅಜ್ಜಿ ನನ್ನನ್ನು ಬಾಗಿಲಲ್ಲಿ ನಿಲ್ಲಿಸಿದ್ದಳು. "ನಾಲ್ಕು ವರ್ಷ ಕಾವಲು ಕಾದಿದೀಯಲ್ಲ, ನೀನೇ ಕೊಡು." ನಿಟ್ಟುಸಿರು ಬಂದ ದಿಕ್ಕಿನ ಉಪಕರಣ ಇಳಿಸಿ, ಹಿಡಿಯ ಮೇಲಿನ ಹೆಸರು ಒರೆಸಿ ನೋಡಿ ಕೊಡುತ್ತಾ ಹೋದೆ. ಕತ್ತರಿ ಪ್ರಿಚರ್ಡರದು. ಏಣಿ ಚರ್ಚಿನದು. ಉಳಿಗಳು ಮೂರು ಮನೆಯವು. ನನ್ನ ಹಾರೆ, ಆ ಐತಿಹಾಸಿಕ ಹಾರೆ, ಅಗ್ನಿಶಾಮಕ ದಳದ್ದು. ನನ್ನ ಪ್ರೀತಿಯ ತಾತ, ಕಣಿವೆಯ ಅತ್ಯಂತ ದೊಡ್ಡ ಶೆಡ್ಡಿನ ಒಡೆಯ, ಬದುಕಿನಲ್ಲಿ ಒಂದು ಸುತ್ತಿಗೆಯನ್ನೂ ಕೊಂಡಿರಲಿಲ್ಲ.

ಸಂಜೆಯಾಗುವಾಗ ಒಳಗೆ ಗೋಡೆ, ಇಲಿ, ಹೊದಿಕೆ ಉಳಿದಿದ್ದವು. ಪರವಾಗಿಲ್ಲ, ತಾತನದು ಅಂತ ಈ ಬೀಗವಾದರೂ ಇದೆಯಲ್ಲ ಎಂದು ಬಾಗಿಲು ಎಳೆದುಕೊಂಡೆ. ಕೈ ಬೀಗದ ಮೇಲಿತ್ತು. ಹಿಂದೆ ಯಾರೋ ನಿಂತ ಹಾಗಾಯಿತು. ತಿರುಗಿ ನೋಡಿದರೆ ಪಕ್ಕದ ಮನೆಯ ಡಾಟ್, ಕೈಯಲ್ಲಿ ಕೇಕಿನ ತಟ್ಟೆ ಹಿಡಿದು, ನನ್ನ ಕೈಯನ್ನೇ ನೋಡುತ್ತಿದ್ದಳು.

"ನಮ್ಮ ಕೋಳಿಗೂಡಿಗೆ ನರಿ ಕಾಟ ಇಲ್ಲ ಅನ್ನು, ಆದ್ರೂ," ಎಂದು ಅವಳು ದೀರ್ಘವಾಗಿ ಒಂದು ನಿಟ್ಟುಸಿರು ಬಿಟ್ಟಳು, "ಬೀಗ ಇಲ್ದೆ ಎಷ್ಟು ವರ್ಷ ಆಯ್ತು ನೋಡು."